ಚೈತದ ಕೆಮ್ಮಣ್ಣು

ಸಿಮಲ್‌ಪಾನಿ
೯ ಮಂಸಿರ, ವಿಕ್ರಮ ಸಂವತ್ ೨೦೪೬

ದಾಜು,

ನಿನ್ನ ಕಾಲಿಗೆ ಢೋಗ್.

ತಿಹಾರ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಈ ಸಲವೂ ಕೈಕೊಟ್ಟೆ. ನಿನಗೆಂದು ಪೋಣಿಸಿದ ಮಖಮಲಿ ಹೂವಿನ ಮಾಲೆಯನ್ನು ಎಮ್ಮೆಯ ಕೊರಳಿಗೆ ಹಾಕಿದೆ. ಅದು ಅರ್ಧ ತಿಂದು ಅರ್ಧ ತುಳಿಯಿತು. ಅಣ್ಣನ ಆಯುಸ್ಸಿಗೆಂದು ಹಾಕುವ ಮಾಲೆ ಎಂದು ಮಗಳು ಜುನ್‌ಕಿರಿ ಅತ್ತಳು. ನಿನ್ನ ಆಯುಸ್ಸು ಎಮ್ಮೆಗೆ ಹೋಯಿತು, ಇನ್ನು ಅದು ನೂರು ವರ್ಷ ಹಾಲು ಕೊಡುತ್ತದೆ ಎಂದು ಸಮಾಧಾನ ಮಾಡಿದೆ.

ಪಲ್ಟನ್ನಿನಿಂದ ಬಂದವರೆಲ್ಲ ಪೋಖರಾದಲ್ಲಿ ಮನೆ ಕಟ್ಟಿ, ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನೀನು ಮೀಸೆ ಚಿಗುರದ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಎಂಜಿನಿಯರ್ ಆದೆ. ಆ ನೌಕರಿಯೂ ಮುಗಿಯಿತು. ಈಗ ಸಂಬಳವಿಲ್ಲದೆ ಕುಂಟು ಮೊಣಕಾಲು ಎಳೆದುಕೊಂಡು ಊರೂರು ತಿರುಗಿ, ಕಂಡವರ ನದಿಗಳಿಗೆಲ್ಲ ಸೇತುವೆ ಹಾಕಿಸುತ್ತಿದ್ದೀಯ. ತಂಗಿಯ ನದಿ ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ಲ.

ಇಷ್ಟು ಬೈದದ್ದು ಸುಮ್ಮನೆ ಅಲ್ಲ. ಜುನ್‌ಕಿರಿ ಆಚೆ ದಡದ ಶಾಲೆಗೆ ಹೋಗತೊಡಗಿದ್ದಾಳೆ. ಅದೇ ತಂತಿಯ ಮೇಲೆ. ಮರದ ಕೊಕ್ಕೆಗೆ ಸೊಂಟ ಕಟ್ಟಿಕೊಂಡು, ಕೈಯಿಂದ ತಂತಿ ಎಳೆಯುತ್ತ ಹೋಗುತ್ತಾಳೆ. ಅವಳ ಅಪ್ಪ ಕೈಜಾರಿ ಬಿದ್ದದ್ದು ಅಲ್ಲಿಂದಲೇ, ನಡು ಹೊಳೆಯಲ್ಲಿ. ಅವಳು ಆಚೆ ದಡದಲ್ಲಿ ಇಳಿದು ಕೈ ಬೀಸುವವರೆಗೆ ನಾನು ಇಲ್ಲಿ ಕಲ್ಲಿನ ಮೇಲೆ ನಿಂತಿರುತ್ತೇನೆ. ಆಮೇಲೆಯೇ ಮನೆಗೆ ಬಂದು ಒಲೆ ಹಚ್ಚುತ್ತೇನೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಅರಳಿಮರದ ಕೆಳಗಿನ ಒರತೆ ಬತ್ತಿತು, ಆದರೆ ನಮ್ಮ ಕೊಟ್ಟಿಗೆಯ ಹಿಂದೆಯೇ ಹೊಸ ನೀರು ಎದ್ದಿದೆ. ಕೊಡ ಹೊತ್ತು ಹತ್ತುವುದು ತಪ್ಪಿತು. ಬಾಗಿಲು ಮಾತ್ರ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಒದ್ದು ತೆಗೆಯಬೇಕು. ಎಂಜಿನಿಯರ್ ಅಣ್ಣನಿದ್ದೂ ಬಾಗಿಲು ಒದೆಯುವ ತಂಗಿ ಎಂದು ಊರು ನಗುತ್ತದೆ.

ನಿನ್ನ ಕಾನ್ಛಿ ತಂಗಿ,
ಹಸ್ತಮಾಯಾ


ಪೋಖರಾ
೪ ಪುಸ, ೨೦೪೬

ಕಾನ್ಛಿ,

ಬೈಗುಳ ತಲುಪಿತು. ರಜೆಗೆ ಬಂದಾಗ ಇದ್ದಿಲಿನಿಂದ ನಿನಗೆ ಅಕ್ಷರ ತಿದ್ದಿಸಿದವನು ನಾನೇ, ಅನುಭವಿಸುತ್ತೇನೆ. ನಿನ್ನ ಊರಿನ ಸೇತುವೆಯ ಅರ್ಜಿಯನ್ನು ನಾನೇ ನನ್ನ ಹಳೆಯ ಕಚೇರಿಗೆ ಕೊಟ್ಟೆ. ಈಗ ನೌಕರನಲ್ಲದಿದ್ದರೂ ಅಲ್ಲಿಯ ಹುಡುಗರು ನನ್ನ ಮಾತಿಗೆ ಬೆಲೆ ಕೊಡುತ್ತಾರೆ.

ಇನ್ನು ತಮಾಷೆ ಬಿಟ್ಟು ಕೇಳುತ್ತೇನೆ, ತಮಾಷೆ ಬಿಟ್ಟು ಹೇಳು. ಒರತೆ ಜಾಗ ಬದಲಿಸಿದೆ ಎಂದು ಬರೆದೆ. ಬಾಗಿಲು ಕಚ್ಚುತ್ತದೆ ಎಂದೆ. ಗೋಡೆಯಲ್ಲಿ ಬಿರುಕು ಬಿಟ್ಟಿದೆಯೇ? ನಿಮ್ಮ ಕೆಳಗಿನ ಸಾಲಿನ ಮನೆಗಳಲ್ಲಿ? ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ? ಮರಗಳು ವಾಲಿವೆಯೇ? ಹೊಳೆಗೆ ಸೇತುವೆ ಕಟ್ಟುವುದು ಕಷ್ಟವಲ್ಲ. ಸೇತುವೆಯ ಹಗ್ಗವನ್ನು ಹೂಳುವ ಗುಡ್ಡ ಗಟ್ಟಿಯಾಗಿರಬೇಕು.

ಪಲ್ಟನ್ನಿನಲ್ಲಿ ನೆಲಬಾಂಬ್ ತೆಗೆಯುವ ಕೆಲಸಕ್ಕೆ ನಮ್ಮನ್ನು ಹಾಕಿದಾಗ ಉಸ್ತಾದರು ದಿನಾ ಬೆಳಿಗ್ಗೆ ಒಂದೇ ಪಾಠ ಒಪ್ಪಿಸುತ್ತಿದ್ದರು. "ಹೊಸ ಮಣ್ಣು ಕಂಡ್ರೆ ಕಾಲಿಡಬೇಡ. ಅಡಿಯಲ್ಲಿ ಯಾರೋ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ತಿಳ್ಕೋ." ಆ ಪಾಠದಿಂದ ಜೀವ ಉಳಿಯಿತು. ಅಂದಿನಿಂದ ನೆಲ ನೋಡಿಕೊಂಡೇ ನಡೆಯುವ ಚಟ. ಚೈತದಲ್ಲಿ ಬಂದು ನಿಮ್ಮ ಗುಡ್ಡವನ್ನೂ ನೋಡುತ್ತೇನೆ. ಅದಕ್ಕೆ ಮೊದಲು ನೀನು ನೋಡಿದ್ದನ್ನು ಬರೆ.

ಹೋದ ಸಲ ಬಿಟ್ಟುಬಂದ ನನ್ನ ಹಸಿರು ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ?

ದಾಜು,
ನರಜಂಗ್


ಸಿಮಲ್‌ಪಾನಿ
೧ ಮಾಘ, ೨೦೪೬

ದಾಜು,

ಢೋಗ್.

ಅಂಚೆಯವನು ನಿನ್ನ ಪತ್ರ ತಂದಾಗ ಊರ ಯಜಮಾನ ಬಖತೆ ಮುಖಿಯಾ ನಮ್ಮ ಜಗಲಿಯಲ್ಲೇ ಕೂತಿದ್ದರು. ಪಲ್ಟನ್ನಿನಿಂದ ಬಂದ ಲಾಹುರೆಯ ಪತ್ರ ಎಂದರೆ ಊರಿನದೇ ಪತ್ರವಲ್ಲವೇ, ಎಲ್ಲರೆದುರು ಗಟ್ಟಿಯಾಗಿ ಓದಿದೆ. ಮೇಲ್ದಂಡೆಯ ಆರೂಬೋಟೆಯವರೂ ಸೇತುವೆ ಕೇಳಿದ್ದಾರೆಂದು ಮುಖಿಯಾಗೆ ಗೊತ್ತಾಗಿದೆ. "ನಮ್ಮೂರಲ್ಲಿ ಒಂದು ಕೊಂಕು ಸಿಕ್ಕಿದ್ರೂ ಸೇತುವೆ ಅವರ ಪಾಲಾಗ್ತದೆ, ನೋಡ್ಕೊಂಡು ಬರಿ ತಾಯಿ" ಎಂದು ಹೇಳಿ ಹೋದರು.

ನೀನು ಕೇಳಿದ್ದಕ್ಕೆ ಉತ್ತರ. ಗೋಡೆಗಳು ಚೆನ್ನಾಗಿವೆ. ಅಂಗಳ ಅಂಗಳದ ಹಾಗೇ ಇದೆ. ಬಾಗಿಲು ಅಪ್ಪನ ಕಾಲದ್ದು, ಮಳೆಗೆ ಉಬ್ಬಿತ್ತು, ಈಗ ಸರಿಹೋಗಿದೆ. ನೀರು ಎದ್ದದ್ದು ಎಮ್ಮೆ ತುಳಿದು ತುಳಿದು ಗುಂಡಿಯಾದ್ದರಿಂದ. ಮರಗಳು ನಿನಗಿಂತ ನೆಟ್ಟಗೆ ನಿಂತಿವೆ.

ಸ್ವೆಟರ್ ಪೆಟ್ಟಿಗೆಯಲ್ಲಿಲ್ಲ. ಒಳ್ಳೆಯ ಕೆಲಸಕ್ಕೆ ಬಂದಿದೆ. ಮನೆಯೊಳಗೆ ಚಳಿಗಾಳಿ ನುಗ್ಗದಂತೆ ಅದೇ ಕಾಯುತ್ತಿದೆ.

ನಿನ್ನೆ ಜುನ್‌ಕಿರಿ ನಡು ತಂತಿಯಲ್ಲಿ ಸಿಕ್ಕಿಕೊಂಡಳು. ಕೊಕ್ಕೆ ಮುಂದೆ ಸರಿಯಲಿಲ್ಲ. ಕೆಳಗೆ ಹೊಳೆ, ಮೇಲೆ ಅವಳು. ಆಚೆಯಿಂದ ಮೇಷ್ಟ್ರು ತಂತಿಯ ಮೇಲೆ ಬಂದು ಎಳೆದುಕೊಂಡರು. ಅವಳು ಸಂಜೆ ಮನೆಗೆ ಬಂದು "ಆಮಾ, ಅಪ್ಪ ಬಿದ್ದ ಜಾಗ ನೋಡ್ದೆ, ಅಲ್ಲಿ ನೀರು ತುಂಬಾ ಹಸಿರಾಗಿದೆ" ಎಂದಳು. ನನಗೆ ಬೇರೆ ಏನೂ ಬೇಡ ದಾಜು. ಒಂದು ಸೇತುವೆ ಕೊಡು.

ಹಸ್ತಮಾಯಾ


ಪೋಖರಾ
೩೦ ಚೈತ, ೨೦೪೬

ಕಾನ್ಛಿ,

ಸುಖವಾಗಿ ತಲುಪಿದೆ. ಮೊಣಕಾಲು ಮಾತ್ರ ನಿಮ್ಮೂರಿನ ಇಳಿಜಾರನ್ನು ಇನ್ನೂ ಶಪಿಸುತ್ತಿದೆ.

ಅಲ್ಲಿ ಎಲ್ಲರೆದುರು ಹೇಳಲು ಸಂಕೋಚವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ತಿರುವು ದಾಟಿ ಊರು ಕಂಡಾಗ ದಿಕ್ಕು ತಪ್ಪಿ ಎಲ್ಲಿಗೋ ಬಂದೆನೇ ಅನ್ನಿಸಿತು. ಎಲ್ಲ ಮನೆಗಳಿಗೂ ಹೊಸ ಕೆಮ್ಮಣ್ಣು, ಮೇಲೆ ಬಿಳಿಮಣ್ಣಿನ ಪಟ್ಟಿ. ದಶಾಯಿಂ ಹಬ್ಬ ಬಿಟ್ಟು ಬೇರೆ ದಿನ ಯಾರಾದರೂ ಇಡೀ ಊರು ಬಳಿಯುತ್ತಾರೆಯೇ? ಅದೂ ಬಿತ್ತನೆಗೆ ಹೊಲ ಹಸನು ಮಾಡುವ ತಿಂಗಳಲ್ಲಿ, ನನ್ನಂಥ ಕುಂಟನಿಗಾಗಿ? ಪಲ್ಟನ್ನು ಎದೆಗೆ ಪದಕ ಚುಚ್ಚಿತು, ಕಚೇರಿ ಶಾಲು ಹೊದಿಸಿತು. ಯಾರೂ ನನಗಾಗಿ ಊರಿಗೆ ಊರೇ ಬಳಿದಿರಲಿಲ್ಲ. ನಿನ್ನ ಮನೆಯ ಗೋಡೆಗೆ ಕೈಯಿಟ್ಟೆ. ಮಣ್ಣು ಇನ್ನೂ ತಣ್ಣಗಿತ್ತು, ಅಂಗೈಗೆ ಕೆಂಪು ಹತ್ತಿತು. ಕೂದಲೆಳೆಯಷ್ಟು ಬಿರುಕೂ ಕಾಣಲಿಲ್ಲ. ಕೈ ತೊಳೆಯದೆ ಹಾಗೇ ಊಟಕ್ಕೆ ಕೂತದ್ದನ್ನು ನೋಡಿ ನೀನು ಬೈದೆ.

ಕಚೇರಿಯಲ್ಲಿ ಕಾಗದ ಪಾಸಾಯಿತು. ಸಣ್ಣಪುಟ್ಟ ಪ್ರಶ್ನೆಗಳಿದ್ದವು, ನಾನು ನೋಡಿಕೊಂಡೆ. ಬರುವ ಚಳಿಗಾಲಕ್ಕೆ ಕೆಲಸ ಶುರು. ಜುನ್‌ಕಿರಿಗೆ ಹೇಳು, ಇನ್ನೊಂದು ಮಳೆಗಾಲ ಮಾತ್ರ ಕಾಯಬೇಕು.

ನೀನು ಮಾತ್ರ ಸಪ್ಪಗಿದ್ದೆ. ಹೊರಡುವಾಗ ದಾರಿಯವರೆಗೆ ಬಂದು ಏನೋ ಹೇಳಲು ಹೋಗಿ, ನನ್ನ ಚೀಲದ ಪಟ್ಟಿ ಬಿಗಿದು ಕಳಿಸಿದೆ. ಗಂಡನ ನೆನಪಾಯಿತೇನೋ ಎಂದು ನಾನೂ ಕೆದಕಲಿಲ್ಲ.

ನರಜಂಗ್


ಸಿಮಲ್‌ಪಾನಿ
೨೦ ಮಂಸಿರ, ೨೦೪೭

ದಾಜು,

ಢೋಗ್. ಸೇತುವೆಯ ಉಕ್ಕಿನ ಹಗ್ಗ ಊರಿಗೆ ಬಂತು.

ಲಾರಿ ನಿಲ್ಲುವಲ್ಲಿಂದ ನಾವೇ ಹೊತ್ತು ತಂದೆವು. ಹಗ್ಗವನ್ನು ಕತ್ತರಿಸುವಂತಿಲ್ಲವಲ್ಲ, ಇಡೀ ಊರೇ ಸಾಲಾಗಿ ನಿಂತು ಒಂದೊಂದು ಸುತ್ತನ್ನು ಹೆಗಲಿಗೇರಿಸಿಕೊಂಡಿತು. ಮುಂದಿನವರು ನಿಂತರೆ ಎಲ್ಲರೂ ನಿಲ್ಲಬೇಕು, ಒಬ್ಬರು ಎಡವಿದರೆ ಎಲ್ಲರೂ ತೂರಾಡಬೇಕು. ನನ್ನ ಹಿಂದೆ ಇದ್ದ ಮುಖಿಯಾ ದಾರಿಯುದ್ದಕ್ಕೂ ಗೊಣಗಿದರು. "ನಿನ್ನಣ್ಣ ಪಲ್ಟನ್ನಲ್ಲಿ ಕಲಿತ ಕವಾಯತ್ತನ್ನು ಈ ವಯಸ್ಸಲ್ಲಿ ನನ್ನ ಕೈಲಿ ಮಾಡಿಸ್ತಿದ್ದಾನೆ." ಮೊಣಕಾಲು ಊದಿದೆ, ಬರಲಾಗದು ಎಂದು ನೀನು ತಪ್ಪಿಸಿಕೊಂಡದ್ದು ನೋಡಿದರೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಊರಲ್ಲಿ ಈಗ ಬೇರೆಯೇ ಗಾಳಿ ಬೀಸುತ್ತಿದೆ. ಕೆಳಗಿನ ಸಾಲಿನ ಕೆಲವರು ಮೇಲೆ ದಿಬ್ಬಕ್ಕೆ ಮನೆ ಬದಲಿಸಬೇಕೆಂದು ಅಡಿಪಾಯ ತೋಡಿದ್ದರು. ಸೇತುವೆ ಮನೆ ಬಾಗಿಲಿಗೇ ಬರುತ್ತಿದೆ, ಇನ್ನು ಯಾಕೆ ಹೋಗಬೇಕು ಎಂದು ತೋಡಿದ್ದನ್ನು ಮುಚ್ಚಿದರು. ನಾನೂ ಅಲ್ಲಿ ಒಂದು ತುಂಡು ಜಾಗ ಕೇಳಿದ್ದೆ. ಬೇಡವೆಂದು ಹೇಳಿದೆ.

ಒಂದು ಮಾತು ಕೇಳಬೇಕು. ನೀನು ಬಂದಾಗ ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ದಿನವಿಡೀ ಕಣ್ಣಿಟ್ಟು ನೋಡಿದೆಯಲ್ಲ, ಅದರಲ್ಲಿ ಎಲ್ಲ ಕಾಣುತ್ತದೆ ಅಲ್ಲವೇ? ಗುಡ್ಡದ ಒಳಗೂ? ಏನಾದರೂ ಹೆಚ್ಚುಕಮ್ಮಿ ಇದ್ದಿದ್ದರೆ ನೀನು ಹೇಳದೆ ಹೋಗುತ್ತಿರಲಿಲ್ಲ. ಹಾಗೆಂದು ನಾನು ನಿಶ್ಚಿಂತೆಯಿಂದ ಇದ್ದೇನೆ. ಒಂದು ಸಾಲು ಬರೆದು ಹಾಕು, ಸಾಕು.

ಹಸ್ತಮಾಯಾ


ಪೋಖರಾ
೧೧ ಚೈತ, ೨೦೪೭

ಕಾನ್ಛಿ,

ತಡವಾಯಿತು. ಚಳಿಗಾಲವಿಡೀ ಮೊಣಕಾಲಿನ ಚಿಕಿತ್ಸೆ. ಒಳಗೆ ಉಳಿದಿದ್ದ ಒಂದು ಲೋಹದ ಚೂರನ್ನು ಡಾಕ್ಟರು ಈಗ ತೆಗೆದರು. ಬಟ್ಟಲಲ್ಲಿ ಹಾಕಿ ತೋರಿಸಿದರು, ಅಕ್ಕಿಕಾಳಿನಷ್ಟಿತ್ತು. ಇಷ್ಟು ವರ್ಷ ನನ್ನನ್ನು ಕುಂಟಿಸಿದ ಶತ್ರು ಇಷ್ಟೇನಾ ಎಂದು ಅವಮಾನವಾಯಿತು. ಆಸ್ಪತ್ರೆಯಲ್ಲಿದ್ದಾಗ ಬಂದ ನಿನ್ನ ಪತ್ರವನ್ನು ಮನೆಗೆ ಬಂದ ಮೇಲೆ ಓದಿದೆ.

ನಿನ್ನ ಪ್ರಶ್ನೆಗೆ ನಗು ಬಂತು. ಆ ಯಂತ್ರಕ್ಕೆ ಕಾಣುವುದು ಎತ್ತರ, ಅಗಲ, ದೂರ. ಅಷ್ಟೇ. ಗುಡ್ಡದ ಹೊಟ್ಟೆಯೊಳಗೆ ಏನಿದೆ ಎಂದು ಯಾವ ಯಂತ್ರವೂ ನನಗೆ ಹೇಳುವುದಿಲ್ಲ. ಅದಕ್ಕೆ ಆ ಗುಡ್ಡದ ಮೇಲೆ ಮಲಗಿ ಏಳುವವರನ್ನೇ ಕೇಳಬೇಕು. ನಾನು ನಿನ್ನನ್ನು ಕೇಳಿದ್ದೆನಲ್ಲ. ಕಚೇರಿಯ ಹುಡುಗರು ಗೊಣಗಿದಾಗಲೂ ಅದನ್ನೇ ಹೇಳಿದೆ, ನನ್ನ ತಂಗಿ ಅಲ್ಲೇ ಇದ್ದಾಳೆ, ಅವಳಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು.

ಸೇತುವೆ ಮುಗಿಯುತ್ತ ಬಂತಂತೆ. ಮೇಲ್ವಿಚಾರಕ ಬರೆದಿದ್ದ, ಹಗ್ಗ ನಡುವೆ ಜೋತು ಬೀಳುವ ಇಳಿ ನಾನು ಹೇಳಿದಷ್ಟೇ ಬಂದಿದೆ ಎಂದು. ಖುಷಿಯಾಯಿತು.

ನರಜಂಗ್


ಸಿಮಲ್‌ಪಾನಿ
೬ ಜೇಠ, ೨೦೪೮

ದಾಜು,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ.

ಸೇತುವೆ ಚೆನ್ನಾಗಿದೆ. ಜುನ್‌ಕಿರಿ ದಾಟುವಾಗ ಹಲಗೆಗಳನ್ನು ಎಣಿಸುತ್ತಾಳೆ, ಪ್ರತಿ ದಿನ ಬೇರೆ ಲೆಕ್ಕ ಬರುತ್ತದೆ. ನಾನೀಗ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಅಭ್ಯಾಸಬಲದಿಂದ ಹೋಗುತ್ತೇನೆ, ಹಾಗೇ ವಾಪಸು ಬರುತ್ತೇನೆ.

ನೀನು ಯಾವಾಗ ಬರುತ್ತೀಯ? ಒಂದು ವಿಷಯ ಹೇಳಬೇಕು. ಪತ್ರದಲ್ಲಿ ಬರೆಯುವಂಥದ್ದಲ್ಲ. ಮುಖಿಯಾಗೆ ಹೇಳಿದೆ, "ಕಟ್ಟಿ ಆದ್ಮೇಲೆ ಇನ್ನೇನು, ಈಗ ಬಾಯಿಬಿಟ್ಟು ಅಣ್ಣನ ಮರ್ಯಾದೆ ಕಳೀಬೇಡ" ಎಂದರು. ಮಳೆಗೆ ಮುಂಚೆ ಬಾ.

ಹಸ್ತ


ಪೋಖರಾ
೨ ಅಸಾರ, ೨೦೪೮

ಕಾನ್ಛಿ,

ಮುಖಿಯಾನನ್ನೂ ಸೇರಿಸಿಕೊಂಡು ನೀನು ಏನು ಹೂಡುತ್ತಿದ್ದೀಯೆಂದು ನನಗೆ ಗೊತ್ತಿಲ್ಲವೆಂದುಕೊಂಡೆಯಾ? ಅವರ ವಿಧವೆ ನಾದಿನಿಯ ಕಥೆ ಹೋದ ವರ್ಷವೇ ನನ್ನ ಕಿವಿಗೆ ಬಿದ್ದಿತ್ತು. ಈ ವಯಸ್ಸಿನಲ್ಲಿ ನನಗೆ ಮದುವೆ ಮಾಡಿಸಿ ಮರ್ಯಾದೆ ಕಳೆಯಬೇಡ. ಮುಖಿಯಾ ಹೇಳಿದ್ದೇ ಸರಿ.

ಮೊಣಕಾಲಿಗೆ ಇನ್ನೂ ಇಳಿಜಾರು ಆಗದು, ದಾರಿಯಲ್ಲಿ ಮಳೆಯೂ ಶುರುವಾಗಿದೆ. ದಶಾಯಿಂಗೆ ಖಂಡಿತ ಬರುತ್ತೇನೆ. ಹೇಳುವುದನ್ನೆಲ್ಲ ಆಗ ಹೇಳು, ಎದುರು ಕೂತು ಬೈಯುವೆಯಂತೆ. ಜುನ್‌ಕಿರಿಗೆ ಶಾಲೆಯ ಚೀಲ ಕಳಿಸಿದ್ದೇನೆ. ಹಲಗೆಗಳ ಸರಿಯಾದ ಲೆಕ್ಕ ನನ್ನ ಹತ್ತಿರ ಇದೆ, ನಾನೇ ಅವಳ ಜೊತೆ ದಾಟಿ ಎಣಿಸಿ ತೋರಿಸುತ್ತೇನೆ ಎಂದು ಹೇಳು.

ನರಜಂಗ್


ಪೋಖರಾ
೧೭ ಭದೌ, ೨೦೪೮

ಕಾನ್ಛಿ,

ಅಲ್ಲಿಂದ ಬಂದ ಮೇಲೆ ನಾಲ್ಕು ಸಲ ಬರೆಯಲು ಕೂತೆ. ಅಲ್ಲಿದ್ದಷ್ಟು ದಿನ ನಾವಿಬ್ಬರೂ ಮಾತಾಡಲಿಲ್ಲ. ಅಗೆಯುವ ಕೆಲಸವಿತ್ತು, ಅಗೆದೆ. ಪಲ್ಟನ್ನಿನಲ್ಲಿ ಕಲಿತದ್ದರಲ್ಲಿ ಅದೊಂದು ಮಾತ್ರ ಉಪಯೋಗಕ್ಕೆ ಬಂತು.

ಜ್ವರವೆಂದು ಜುನ್‌ಕಿರಿಯನ್ನು ಅವತ್ತು ಶಾಲೆಗೆ ಕಳಿಸಿರಲಿಲ್ಲ, ಅವಳನ್ನು ಮನೆಯಲ್ಲೇ ಮಲಗಿಸಿ ಔಷಧಿ ತರಲು ನೀನು ಸೇತುವೆ ದಾಟಿದ್ದೆ ಎಂದು ಮೇಷ್ಟ್ರು ಹೇಳಿದರು. ನೀನು ಆಚೆ ದಡದಲ್ಲಿ ಇಳಿದು ತಿರುಗಿ ನೋಡಿದಾಗ ನಿನ್ನ ಮನೆಯೂ ಸೇರಿ ಕೆಳಗಿನ ಸಾಲು ಪೂರ್ತಿ ಹೊಳೆಯ ಕಡೆಗೆ ನಡೆದುಕೊಂಡು ಬರುತ್ತಿತ್ತಂತೆ, ಮನೆಗಳು ನಿಂತ ಹಾಗೇ. ಮುಖಿಯಾ ಮನೆಯವರು ಯಾರೂ ಉಳಿಯಲಿಲ್ಲ. ಸೇತುವೆಯ ಊರ ಬದಿಯ ಹಗ್ಗವನ್ನೂ ಗುಡ್ಡ ತನ್ನ ಜೊತೆ ಕೊಂಡೊಯ್ದಿತು.

ಒಂದು ವಿಷಯ ನಿನಗೆ ತಿಳಿದಿರಬೇಕು. ಕಚೇರಿಯ ಹುಡುಗರು ಮೊದಲೇ ನಿಮ್ಮ ಜಾಗ ಬೇಡ, ಆರೂಬೋಟೆ ವಾಸಿ ಎಂದಿದ್ದರು. ಗುಡ್ಡದ ಮೇಲೆ ಅವರಿಗೆ ಅನುಮಾನವಿತ್ತು. ನಾನು ಅದನ್ನು ನಿನಗೆ ಹೇಳಲಿಲ್ಲ, ನೀನು ಅಳುತ್ತೀಯೆಂದು. ನಾನೇ ಹೋಗಿ ನೋಡಿ ಬಂದಿದ್ದೇನೆ, ಬಿರುಕಿಲ್ಲ, ನನ್ನ ಹೊಣೆ ಎಂದು ರುಜು ಹಾಕಿದೆ.

ಹಾಗಾಗಿ ಇದರಲ್ಲಿ ನಿನ್ನದೇನೂ ಇಲ್ಲ. ನಿನಗೆ ಏನೂ ಗೊತ್ತಿರಲಿಲ್ಲ. ಚೈತದಲ್ಲಿ ಹೊಸ ಮಣ್ಣು ಕಂಡವನು ನಾನು. ಉಸ್ತಾದರ ಪಾಠ ಕಲಿತವನು ನಾನು. ಗೋಡೆಗೆ ಕೈಯಿಟ್ಟು ನಿಂತು, ನನಗಾಗಿ ಬಳಿದಿದ್ದಾರೆಂದು ಹಿಗ್ಗಿದೆ. ಬೇರೆ ಯಾರದೇ ಊರಾಗಿದ್ದರೂ ಉಗುರಿನಿಂದ ಕೆರೆದು ನೋಡುತ್ತಿದ್ದೆ.

ಊರೂರು ತಿರುಗುವ ಕೆಲಸ ಬಿಟ್ಟಿದ್ದೇನೆ. ಯಂತ್ರವನ್ನು ಕಚೇರಿಗೆ ಕೊಟ್ಟುಬಿಟ್ಟೆ. ಆರೂಬೋಟೆಯವರು ಕರೆಯಲು ಬಂದಿದ್ದರು, ಬಾಗಿಲು ತೆಗೆಯಲಿಲ್ಲ.

ಚಳಿಗೆ ಏನಾದರೂ ಕಳಿಸಲೇ?

ನರಜಂಗ್


ಶಾಲೆಯ ಬಯಲು
೧೯ ಅಸೋಜ, ೨೦೪೮

ದಾಜು,

ಢೋಗ್.

ನಿನ್ನ ಪತ್ರದಲ್ಲಿ ಒಂದು ಸುಳ್ಳಿದೆ. ನನಗೆ ಏನೂ ಗೊತ್ತಿರಲಿಲ್ಲ ಎಂದು ಬರೆದಿದ್ದೀಯ.

ಅಗೆಯುವಾಗ ನಮ್ಮ ಗೋಡೆಯ ಒಂದು ತುಂಡು ಸಿಕ್ಕಿತಲ್ಲ. ಅದರೊಳಗಿಂದ ನಿನ್ನ ಹಸಿರು ಸ್ವೆಟರಿನ ತೋಳು ಹೊರಗೆ ಬಂದಿತ್ತು. ನೀನು ಸುತ್ತ ನೋಡಿ, ಕಾಲಿನಿಂದ ಮಣ್ಣು ಎಳೆದು ಮುಚ್ಚಿ, ಅದರ ಮೇಲೇ ಕೂತೆ. ಜನ ಕರೆದರೂ ಏಳಲಿಲ್ಲ. ನಾನು ಇಲ್ಲಿ, ಈ ದಡದಿಂದ ನೋಡುತ್ತಿದ್ದೆ. ಆ ತೋಳು ನಿನಗೆ ಕಾಣಿಸಲಿಲ್ಲ ಅಂದುಕೊಂಡಿದ್ದೆ, ಕಾಣಿಸಿದೆ, ನಿನಗೆಲ್ಲ ತಿಳಿದಿದೆ ಎಂದು ಆಗ ಗೊತ್ತಾಯಿತು.

ಬಿರುಕು ನನ್ನ ಕೈ ಹೋಗುವಷ್ಟು ಅಗಲವಿತ್ತು. ಸ್ವೆಟರ್ ತುರುಕಿ, ಹುಲ್ಲು ತುರುಕಿ, ಮೇಲೆ ಕೆಮ್ಮಣ್ಣು ಬಳಿದೆ. ನೀನು ಬರುವ ಹಿಂದಿನ ವಾರ ಎಲ್ಲ ಹೆಂಗಸರೂ ಬಳಿದೆವು. ಜುನ್‌ಕಿರಿ ಬಿಳಿಮಣ್ಣಿನ ಪಟ್ಟಿ ಎಳೆದಳು. ನಾನು ನಿನಗೆ ಮೋಸ ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ನಾವು ಮುಚ್ಚಿದರೇನು, ದಾಜುವಿನ ಯಂತ್ರಕ್ಕೆ ಕಂಡೇ ಕಾಣುತ್ತದೆ, ಅಷ್ಟು ಕೆಟ್ಟದ್ದಾಗಿದ್ದರೆ ಅವನೇ ಬೇಡ ಅನ್ನುತ್ತಾನೆ ಎಂದುಕೊಂಡೆ. ನೀನು ಬೇಡ ಅನ್ನಲಿಲ್ಲ. ಹಾಗಾದರೆ ಪರವಾಗಿಲ್ಲ ಎಂದು ಮಗುವನ್ನು ಆ ಮನೆಯಲ್ಲೇ ಮಲಗಿಸಿದೆ. ನಾನು ನಿನ್ನನ್ನು ನಂಬಿದೆ, ನೀನು ನನ್ನನ್ನು ನಂಬಿದೆ. ಗುಡ್ಡವನ್ನು ಯಾರೂ ನೋಡಲಿಲ್ಲ.

ಯಂತ್ರಕ್ಕೆ ಏನೂ ಕಾಣುವುದಿಲ್ಲ ಎಂದು ನೀನು ಬರೆದ ದಿನವೇ ಅವಳನ್ನು ಎತ್ತಿಕೊಂಡು ದಿಬ್ಬಕ್ಕೆ ಹೋಗಬೇಕಿತ್ತು. ದಶಾಯಿಂಗೆ ಬರುತ್ತೇನೆ, ಆಗ ಹೇಳು ಎಂದು ನೀನು ಬರೆದೆ. ನಾನು ಕಾದೆ.

ಆರೂಬೋಟೆಯವರು ನನ್ನ ಹತ್ತಿರವೂ ಬಂದಿದ್ದರು. ಅವರ ಮಕ್ಕಳು ಈಗಲೂ ತಂತಿಯ ಮೇಲೇ ದಾಟುತ್ತಿವೆ. ನೀನು ಹೋಗು, ದಾಜು. ಬಾಗಿಲು ಹಾಕಿಕೊಂಡು ಕೂತರೆ ಯಾರೂ ವಾಪಸು ಬರುವುದಿಲ್ಲ. ಹೋದಾಗ ಅಲ್ಲಿಯ ಮುಖಿಯಾನ ಜಗಲಿಯಲ್ಲಿ ಕೂರಬೇಡ. ನೀರು ತರುವ ಹೆಂಗಸರ ಜೊತೆ ನಡೆ, ನೀರು ಎಲ್ಲಿಂದ ತರುತ್ತಾರೆ, ಹೋದ ವರ್ಷ ಎಲ್ಲಿಂದ ತರುತ್ತಿದ್ದರು ಎಂದು ಕೇಳು. ಎಲ್ಲರ ಮನೆಯ ಬಾಗಿಲನ್ನೂ ಒಂದು ಸಲ ಹಾಕಿ ತೆಗೆದು ನೋಡು. ಅಲ್ಲಿಯೂ ಒಬ್ಬ ತಾಯಿ ಕಲ್ಲಿನ ಮೇಲೆ ನಿಂತಿರುತ್ತಾಳೆ. ಅವಳು ಹೇಳುವುದನ್ನು ನಂಬಬೇಡ.

ಇಲ್ಲಿ ಉಳಿದವರೆಲ್ಲ ಶಾಲೆಯ ಪಕ್ಕ ಸಣ್ಣ ಮನೆಗಳನ್ನು ಕಟ್ಟಿಕೊಂಡಿದ್ದೇವೆ. ದಶಾಯಿಂ ಬಂತು. ಹೆಂಗಸರು ಕೆಮ್ಮಣ್ಣು ತಂದು ಕಲಸುತ್ತಿದ್ದಾರೆ. ನನಗೂ ಒಂದು ಬುಟ್ಟಿ ಇಟ್ಟು ಹೋದರು, ನಾನು ಹಾಗೇ ವಾಪಸು ಕೊಟ್ಟೆ. ಸೂತಕದ ಮನೆ, ಒಂದು ವರ್ಷ ಬಳಿಯುವಂತಿಲ್ಲ ಎಂದು ಅವರು ತಾವೇ ಅಂದುಕೊಂಡರು. ಸೂತಕ ಕಳೆದ ಮೇಲೂ ನಾನು ಬಳಿಯುವುದಿಲ್ಲ. ಕಲ್ಲು ಕಲ್ಲಾಗಿ, ಮಣ್ಣು ಮಣ್ಣಾಗಿ ಹಾಗೇ ಇರಲಿ. ಬಿರುಕು ಬಿಟ್ಟರೆ ದಾರಿಯಲ್ಲಿ ಹೋಗುವವರಿಗೂ ಕಾಣಲಿ.

ಬರುವಾಗ ಸ್ವೆಟರ್ ತರಬೇಡ.

ಹಸ್ತಮಾಯಾ